ಬೆತ್ತಕ್ಕೆ ಎರಡು ಕೈ

"ಗುರುಗಳೇ, ಹೆಣ್ಣು ಗಂಡು ಸಮ ಆಗಬೇಕು ಅಂತ ಎಲ್ಲರೂ ಹೇಳ್ತಾರೆ. ಆದರೆ ಅದಕ್ಕೆ ಒಬ್ಬರು ಹೇಳೋ ದಾರಿ ಇನ್ನೊಬ್ಬರಿಗೆ ಆಗೋದಿಲ್ಲ. ಯಾವ ಪಕ್ಷ ಸರಿ?" ಎಂದು ಶಿಷ್ಯ ಕೇಳಿದ. ಅವನು ಸಂಸಾರಸ್ಥ, ಎಳೆಗೂಸಿನ ತಂದೆ, ವಾರಕ್ಕೊಮ್ಮೆ ಪಾಠಕ್ಕೆ ಬರುತ್ತಿದ್ದ.

ಗುರು ಹೇಳಿದರು:

ಒಂದು ರಾಜ್ಯವಿತ್ತು. ಅಲ್ಲಿ ಯಾರೂ ಹಸಿದು ಮಲಗುತ್ತಿರಲಿಲ್ಲ. ಕಾಯಿಲೆಯಾದರೆ ಮದ್ದು, ಮುಪ್ಪಾದರೆ ಅನ್ನ, ಎಲ್ಲವೂ ಅರಮನೆಯದೇ. ಆದರೂ ಹೆಂಗಸರಿಗೆ ಏನೋ ಕಡಿಮೆಯಾಗಿದೆ ಎಂದು ದೊರೆಗೆ ಅನ್ನಿಸಿತು. ಸಭೆ ಕರೆದ.

ಆ ಸಭೆಗೆ ಒಂದು ಕಟ್ಟಳೆ. ಮಾತಾಡುವವರು ಒಂದು ಬೆತ್ತವನ್ನು ಎರಡೂ ಕೈಯಲ್ಲಿ ಹಿಡಿದಿರಬೇಕು. ಮಾತಿನ ನಡುವೆ ಎದುರಿನವನ ಕಪಾಳಕ್ಕೆ ಬಿಡಬಾರದು ಎಂದು ಹಿರಿಯರು ಮಾಡಿದ್ದು. ಅನುಭವದಿಂದಲೇ ಮಾಡಿರಬೇಕು.

ಒಬ್ಬ ಮುಂದಾಳು ಬೆತ್ತ ಹಿಡಿದು, "ಊರೂರಿಗೂ ಕೂಸಿನ ಮನೆ ಕಟ್ಟಿಸಿ. ತಾಯಂದಿರು ದುಡಿಯಲು ಹೋಗಲಿ" ಎಂದ. ಇನ್ನೊಬ್ಬ ಅದನ್ನು ಕಸಿದುಕೊಂಡು, "ಕೂಸು ಸಾಕೋದೇ ದುಡಿಮೆ. ಮನೆಯಲ್ಲಿರೋ ತಾಯಿಗೇ ಸಂಬಳ ಕೊಡಿ" ಎಂದ. ಬೆಳಗಿನಿಂದ ಬೆತ್ತ ಅವರಿಬ್ಬರ ನಡುವೆಯೇ ಓಡಾಡಿತು.

ಮೂಲೆಯಲ್ಲಿ ನೇಯುವ ಹೆಂಗಸೊಬ್ಬಳು ನಿಂತಿದ್ದಳು. ಹೆರಿಗೆಗೆಂದು ಅರಮನೆಯ ಮಗ್ಗ ಬಿಟ್ಟಿದ್ದಳು. ಮಧ್ಯಾಹ್ನದ ಗಂಟೆ ಹೊಡೆಯುವುದರೊಳಗೆ ಈ ಸಭೆಯಲ್ಲಿ 'ಮಗ್ಗ ನನ್ನದು' ಎನ್ನದಿದ್ದರೆ ಅದು ಬೇರೆಯವರ ಪಾಲು. ಕಂಬದ ನೆರಳು ಗಿಡ್ಡವಾದಂತೆಲ್ಲ ಅವಳು ಒಂದೊಂದೇ ಹೆಜ್ಜೆ ಮುಂದೆ ಸರಿದಳು. ಕೊನೆಗೂ ಬೆತ್ತ ಅವಳ ಮುಂದೆ ಬಂತು. ಕಂಕುಳಲ್ಲಿ ತೆವಳುವ ವಯಸ್ಸಿನ ಕೂಸು. ಕೆಳಗೆ ಬಿಡೋಣವೆಂದರೆ ಎತ್ತರದ ಜಗಲಿಯ ಅಂಚು.

"ಅಣ್ಣಾ, ಒಂದು ಗಳಿಗೆ ಇವನನ್ನ ಹಿಡ್ಕೊಳ್ಳಿ" ಎಂದಳು.

"ಅದಕ್ಕೇ ಅಲ್ಲವೇನಮ್ಮ, ಕೂಸಿನ ಮನೆ ಬೇಕು ಅಂತ ನಾನು ಬೆಳಗಿನಿಂದ ಗಂಟಲು ಹರ್ಕೊಳ್ತಿರೋದು!" ಎಂದ ಮೊದಲನೆಯವನು.

"ತಾಯಿ ಕೈ ಬಿಟ್ಟರೆ ಕೂಸು ಅಳುತ್ತೆ ಕಣವ್ವ. ನಾನು ಹೇಳಿದ್ದೂ ಅದೇ" ಎಂದ ಎರಡನೆಯವನು.

ಅವಳು ಗಂಡನ ಕಡೆ ನೋಡಿದಳು. ಅವನು ಮೊದಲನೆಯ ಪಕ್ಷದವನು. ಚಪ್ಪಾಳೆ ತಟ್ಟುತ್ತಿದ್ದ ಅವನ ಕೈಗೆ ಬಿಡುವಿರಲಿಲ್ಲ.

"ಬೆತ್ತಾನ ಕೂಸಿಗೇ ಕೊಡ್ರಪ್ಪ, ಅದೇ ಮಾತಾಡಲಿ!" ಎಂದು ಹಿಂದಿನಿಂದ ಯಾರೋ ಕೂಗಿದರು. ಸಭೆ ನಕ್ಕಿತು. ನಗು ಮುಗಿಯುವ ಮೊದಲೇ ಗಂಟೆ ಹೊಡೆಯಿತು.

ಹೆಂಗಸರ ಕಡೆಯಿಂದ ಯಾರೂ ಮಾತಾಡಲಿಲ್ಲ ಎಂದು ಕಡತದಲ್ಲಿ ಬರೆದರು. ಅದೊಂದಕ್ಕೆ ಮಾತ್ರ ಎರಡೂ ಪಕ್ಷದವರು ತಲೆಯಾಡಿಸಿದರು. ಮಗ್ಗ ಹೋಯಿತು.

ಶಿಷ್ಯ ಚಡಪಡಿಸಿದ. "ಎಂಥ ಜನ ಗುರುಗಳೇ! ನಾನಿದ್ದಿದ್ದರೆ ಎತ್ತಿಕೊಳ್ತಿದ್ದೆ."

ಗುರು ಕೇಳಿದರು: "ಬೆಳಗಿನಿಂದ ಇಲ್ಲೇ ಕೂತಿದ್ದೀಯಲ್ಲಪ್ಪ, ನಿನ್ನ ಕೂಸು ಯಾರ ಕಂಕುಳಲ್ಲಿದೆ?"