ಬಿಗಿದ ತೂಬು

ಆಗಸ್ಟ್ ಒಂಬತ್ತು, ಸೋಮವಾರ. ಬೆಳಗಿನಿಂದ ಮೋಡ ಮುಚ್ಚಿತ್ತು, ಮಳೆ ಬಂದಿರಲಿಲ್ಲ.

ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕಲಿಯುತ್ತಿದ್ದ ಡಾಕ್ಟರ್ ಶಾಹಿದಾ ತನ್ನ ಗುರು ಹೆಗ್ಗಡೆಯವರನ್ನು ಕೇಳಿದಳು: "ಸರ್, ಚಿನ್ನವ್ವನವರ ಹಿಮ್ಮಡಿಯಿಂದ ತೆಗೆದ ಕ್ಯಾನ್ಸರಿನ ಕಪ್ಪು ಮಚ್ಚೆಯಲ್ಲಿ, ಬೆಳವಣಿಗೆಗೆ ಕಡಿವಾಣ ಹಾಕುವ ಪ್ರೋಟೀನು ತುಂಬಿತ್ತು. ಹಾಗಿದ್ದೂ ರೋಗ ಶ್ವಾಸಕೋಶಕ್ಕೆ ಹೇಗೆ ಹೋಯಿತು?"

ಆ ವರದಿ ನೋಡಿ, ಇನ್ನು ಭಯವಿಲ್ಲ ಎಂದು ಚಿನ್ನವ್ವನನ್ನು ಊರಿಗೆ ಕಳುಹಿಸಿದವಳು ಶಾಹಿದಾಳೇ. ಈಗ ಕೆಮ್ಮೆಂದು ಮತ್ತೆ ಬಂದಿದ್ದ ಚಿನ್ನವ್ವ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ರೋಗ ಹರಡಿದ ವಿಷಯವನ್ನು ಅವಳಿಗೆ ಇನ್ನೂ ಯಾರೂ ಹೇಳಿರಲಿಲ್ಲ.

"ಆ ಪ್ರೋಟೀನು ಜೀವಕೋಶ ಹೆಚ್ಚುವುದನ್ನು ತಡೆಯುತ್ತದೆ. ಅದು ಬೇರೆಡೆಗೆ ಹೊರಟುಹೋಗುವುದನ್ನು ತಡೆಯುತ್ತದೆಯೇ?" ಎಂದರು ಗುರುಗಳು. ಅವರು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೀರುಗಂಟಿಯಿದ್ದ. ಕೆರೆಯಿಂದ ಕಾಲುವೆಗೆ ನೀರು ಬಿಡುವ ತೂಬನ್ನು ತೆರೆಯುವುದು, ಮುಚ್ಚುವುದು ಅವನ ಕೆಲಸ. ಬೇರೆ ಯಾರೂ ಅದಕ್ಕೆ ಕೈ ಹಾಕುವಂತಿರಲಿಲ್ಲ.

ಒಂದು ಮಳೆಗಾಲ ಕೆರೆ ತುಂಬಿತು. ಹೆಚ್ಚಿನ ನೀರು ಹೊರಹೋಗುವ ಕೋಡಿ ಹೂಳಿನಿಂದ ಮುಚ್ಚಿಹೋಗಿತ್ತು. ನೀರುಗಂಟಿ ಅತ್ತ ಹೋಗಲಿಲ್ಲ. ತೂಬನ್ನು ಬಿಗಿದು ಅದರ ಬಳಿಯೇ ಕಾವಲು ಕೂತ. ಕಾಲುವೆಗೆ ಒಂದು ಹನಿಯೂ ಇಳಿಯಲಿಲ್ಲ. ಕಾಲುವೆ ಒಣಗಿರುವುದನ್ನು ನೋಡಿದ ಊರಿನವರು, ಕೆರೆ ಭದ್ರವಾಗಿದೆ ಎಂದುಕೊಂಡರು.

ಕುರಿ ಕಾಯುವವನೊಬ್ಬ ಕೆರೆ ಏರಿಯ ಮೇಲೆ ಬಂದ. "ಅಣ್ಣ, ಆ ತುದಿಯಲ್ಲಿ ಕಾಲಿಟ್ಟರೆ ಹೂತುಹೋಗ್ತದೆ. ಏರಿಯೊಳಗಿಂದ ನೀರು ಜಿನುಗ್ತಿದೆ. ತೂಬು ತೆಗಿ."

ನೀರುಗಂಟಿ ನಕ್ಕ. "ಕುರಿ ಕಾಯೋನು ಕೆರೆ ಕಾಯೋನಿಗೆ ಬುದ್ಧಿ ಹೇಳೋ ಕಾಲ ಬಂತಪ್ಪ. ಇಲ್ಲಿ ಕೈಯಿಟ್ಟು ನೋಡು, ಎಲ್ಲಾದರೂ ಸೋರ್ತಿದೆಯಾ?"

ಕುರಿಯವನು ಕೈಯಿಟ್ಟು ನೋಡಿದ. ಸೋರುತ್ತಿರಲಿಲ್ಲ. ಕುರಿಗಳನ್ನು ದಿಣ್ಣೆಯ ಕಡೆಗೆ ಹೊಡೆದುಕೊಂಡು ಹೋದ.

ಮರುದಿನ ಮಧ್ಯಾಹ್ನ ಏರಿ ಆ ತುದಿಯಲ್ಲಿ ಒಡೆಯಿತು. ಅದರ ಕೆಳಗೆ ಒಂದು ಕೇರಿಯಿತ್ತು. ನೀರುಗಂಟಿಯ ಮನೆ ಇದ್ದದ್ದೂ ಅಲ್ಲಿಯೇ. ನೀರು ಇಳಿದ ಮೇಲೆ ಊರಿನವರು ಬಂದು ನೋಡಿದರು. ತೂಬು ಮುಚ್ಚಿದ ಹಾಗೆಯೇ ಇತ್ತು. ಅವನು ಅದರ ಪಕ್ಕದಲ್ಲಿ ಕೂತಿದ್ದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಾಹಿದಾ ಬಾಗಿಲಿನ ಕಡೆ ನೋಡಿದಳು. ಆಮೇಲೆ ಮೆಲ್ಲಗೆ, ಊರಿನವರು ಅವನನ್ನು ಏನು ಮಾಡಿದರು ಎಂದು ಕೇಳಿದಳು.

"ಅವನ ಕೆಲಸದಲ್ಲಿ ತಪ್ಪಿರಲಿಲ್ಲವಲ್ಲಮ್ಮ, ಉಳಿದ ಗದ್ದೆಗಳ ಭತ್ತದಲ್ಲಿ ಅವನ ಕೂಲಿಯ ಪಾಲನ್ನು ಪೂರ್ತಿ ಅಳೆದುಕೊಟ್ಟರು, ಉಣ್ಣುವುದಕ್ಕೆ ಮನೆಯವರಲ್ಲಿ ಅವನೊಬ್ಬನೇ ಉಳಿದಿದ್ದ."