ಎರಡನೆಯ ಮಗ್ಗದ ಗುಂಡಿ

ಶಿಷ್ಯನು ಕೇಳಿದ: "ಗುರುಗಳೇ, ಮಠಕ್ಕೆ ಬರುವ ಹೊಸಬರನ್ನು ತಿದ್ದುವ ಕೆಲಸವನ್ನು ನನಗೆ ಕೊಟ್ಟಿರಿ. ವರ್ಷವಾಯಿತು. ಈಗ ನನ್ನ ಕಣ್ಣೆದುರು ಒಬ್ಬನೂ ತಪ್ಪು ಮಾಡುವುದಿಲ್ಲ. ಆದರೆ ಊಟದ ಪಂಕ್ತಿಯಲ್ಲಿ ನನ್ನ ಪಕ್ಕದ ಜಾಗ ಖಾಲಿಯೇ ಇರುತ್ತದೆ. ಅವರಲ್ಲಿ ನಾನು ಇನ್ನೂ ಏನನ್ನು ತಿದ್ದಬೇಕು?"

ಗುರುಗಳು ಹೇಳಿದರು:

ಒಬ್ಬ ನೇಕಾರನಿದ್ದ. ಅವನ ಮನೆಯಲ್ಲಿ ಎರಡು ಮಗ್ಗ. ಎರಡೂ ನೆಲದಲ್ಲಿ ಗುಂಡಿ ತೋಡಿ ಕೂಡಿಸಿದವು. ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯಬೇಕು. ಒಂದರಲ್ಲಿ ಅವನು, ಇನ್ನೊಂದರಲ್ಲಿ ಹೆಂಡತಿ. ಹೆಂಡತಿ ತೀರಿಕೊಂಡಳು. ಅವಳು ಅರ್ಧ ನೇಯ್ದ ಸೀರೆ ಮಗ್ಗದ ಮೇಲೆಯೇ ಉಳಿಯಿತು. ನೇಕಾರ ಅದರ ಮೇಲೊಂದು ಕಂಬಳಿ ಹೊದಿಸಿದ. ಮತ್ತೆ ಆ ಕಡೆ ತಿರುಗಿ ನೋಡಲಿಲ್ಲ. ಒಂದೇ ಮಗ್ಗದ ಸದ್ದಿಗೆ ಮನೆ ಇನ್ನಷ್ಟು ಬಿಕೋ ಎನ್ನುತ್ತಿತ್ತು.

ದಿಕ್ಕಿಲ್ಲದ ಬೀದಿ ನಾಯಿಗಳಿಗೆ ಊರಾಚೆಯ ಛತ್ರದಲ್ಲಿ ಅನ್ನ ಹಾಕುತ್ತಿದ್ದರು. ಅವನು ಅಲ್ಲಿಂದ ಒಂದನ್ನು ಕರೆತಂದ. ಮನೆಯೊಳಗೆ ಇನ್ನೊಂದು ಉಸಿರು ಇರಲಿ ಎನ್ನುವುದಷ್ಟೇ ಅವನ ಆಸೆ. ಅದು ಮನೆ ಕಂಡ ನಾಯಿಯಲ್ಲ. ಬಂದ ದಿನವೇ ನಡುಮನೆಯಲ್ಲಿ ಉಚ್ಚೆ ಹೊಯ್ದಿತು.

ನೇಕಾರರಿಗೆ ಒಂದು ನೇಮವಿದೆ. ಹರಿದ ಎಳೆ ಕಂಡರೆ ಕಂಡಲ್ಲೇ ಕಟ್ಟಬೇಕು. ಲಾಳಿ ಇನ್ನೊಮ್ಮೆ ಓಡಿತೋ, ತಪ್ಪು ಬಟ್ಟೆಯೊಳಗೆ ಸೇರಿಹೋಯಿತು. ನಲವತ್ತು ವರ್ಷ ಹಾಗೆ ದುಡಿದವನು ನಾಯಿಗೂ ಅದೇ ನೇಮ ಹಾಕಿದ. ಕಂಡಾಗಲೆಲ್ಲ ಗದರಿದ. ಮೂತಿ ಹಿಡಿದು ಒದ್ದೆ ನೆಲಕ್ಕೆ ಒತ್ತಿದ. ಒಂದೆರಡು ಏಟನ್ನೂ ಕೊಟ್ಟ. ಪಾಪ, ಅವನು ಕೆಟ್ಟವನಲ್ಲ. ಒಳ್ಳೆಯ ಕೆಲಸಗಾರ, ಅಷ್ಟೇ.

ಎಂಟು ದಿನದಲ್ಲಿ ನೆಲ ಒಣಗಿತು. ನಾಯಿ ಕಲಿಯಿತೆಂದು ಅವನು ಹಿಗ್ಗಿದ. ಆದರೆ ಅದು ಅವನ ಹತ್ತಿರ ಬರುವುದನ್ನೂ ಬಿಟ್ಟಿತು. ಬಯಲಿಗೆ ಕರೆದೊಯ್ದರೆ ಅವನ ಮುಖವನ್ನೇ ನೋಡುತ್ತ ನಿಲ್ಲುತ್ತಿತ್ತು. ಒಂದು ಹನಿಯೂ ಬಿಡುತ್ತಿರಲಿಲ್ಲ. ಸಂಜೆ ರೊಟ್ಟಿ ತಿನ್ನುವಾಗ ಅವನು ಮೊದಲಿನಂತೆಯೇ ಒಬ್ಬನೇ.

ಒಂದು ದಿನ ನೂಲು ಸುತ್ತಿಕೊಡುವ ಮುದುಕಿ ಬಂದಳು. ಬಂದವಳೇ ಮೂಗು ಮುಚ್ಚಿಕೊಂಡು, ಎರಡನೆಯ ಮಗ್ಗದತ್ತ ಹೋಗಿ ಕಂಬಳಿ ಸರಿಸಿದಳು. ಗುಂಡಿ ಒದ್ದೆಯಾಗಿ ನಾರುತ್ತಿತ್ತು. ಸೀರೆಯ ಅಂಚಿಗೂ ಕಲೆ ಹತ್ತಿತ್ತು. ನೇಕಾರ ಕೈ ಎತ್ತಿದ. ನಾಯಿ ಗೋಡೆಗೆ ಅಂಟಿಕೊಂಡಿತು.

ಮುದುಕಿ ಆ ಕೈ ಹಿಡಿದಳು. "ಮನ್ಯಾಗ ಹೊಯ್ಯಬಾರದು ಅಂತ ಅದಕ್ಕ ಎಲ್ಲಿ ಕಲಿಸೀದಿ? ನಿನ್ನ ಕಣ್ಣಿಗೆ ಬೀಳಬಾರದು ಅಂತ ಕಲಿಸೀದಿ. ನೀ ನೋಡದ ಜಾಗ ಈ ಮನ್ಯಾಗ ಇದೊಂದ ಐತಿ, ತಮ್ಮಾ."

ನೇಕಾರನಿಗೆ ಅಳು ಬಂತು. ಗುಂಡಿಗಿಳಿದು, ಎತ್ತಿದ್ದ ಕೈಯಿಂದಲೇ ಅದನ್ನು ತೊಳೆದ. ಹೆಂಡತಿ ಹೋದ ಮೇಲೆ ಅವನು ಅಲ್ಲಿ ಕಾಲಿಟ್ಟದ್ದು ಅದೇ ಮೊದಲು.

ಮರುದಿನದಿಂದ ಬೆಳಗಾಗುತ್ತಲೇ ನಾಯಿಯನ್ನು ಬಯಲಿಗೆ ಕರೆದೊಯ್ದು, ಅದಕ್ಕೆ ಬೆನ್ನು ಮಾಡಿ ನಿಂತ. ಅದು ಉಂಡ ಮೇಲೊಮ್ಮೆ, ಸಂಜೆಗೊಮ್ಮೆ ಹಾಗೆಯೇ ನಿಂತ. ಮನೆಯೊಳಗೆ ತಪ್ಪಿದರೆ ಸುಮ್ಮನೆ ಒರೆಸಿದ. ಬೇಲಿ ನೋಡುತ್ತ ನಿಂತವನನ್ನು ಕಂಡು ಊರವರು ನಕ್ಕರು. ಊರ ಬಾಯಿಗೆ ಮುಚ್ಚಳವುಂಟೇ? ಹನ್ನೊಂದನೆಯ ದಿನ ಬೆನ್ನ ಹಿಂದೆ ಒಣ ಎಲೆಗಳ ಮೇಲೆ ನೀರು ಬಿದ್ದ ಸದ್ದಾಯಿತು. ಅವನು ತಿರುಗಲಿಲ್ಲ. ರೊಟ್ಟಿಯ ಚೂರೊಂದನ್ನು ಬೆನ್ನ ಹಿಂದಕ್ಕೆ ಚಾಚಿದ. ಬಹಳ ಹೊತ್ತಿನ ಮೇಲೆ ಬೆರಳಿಗೆ ಒಂದು ತಣ್ಣನೆಯ ಮೂಗು ತಗುಲಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನು, ನೇಕಾರನ ನಾಯಿ ಕದ್ದು ತಪ್ಪು ಮಾಡುತ್ತಿತ್ತು, ತನ್ನವರು ಹಾಗಲ್ಲ, ತಾನು ಸದಾ ಕಣ್ಣಿಟ್ಟಿರುತ್ತೇನೆ ಎಂದ.

ಗುರುಗಳು ಹೇಳಿದರು: "ನಿನ್ನ ಕಣ್ಣೆದುರು ಒಬ್ಬನೂ ತಪ್ಪು ಮಾಡುವುದಿಲ್ಲ ಎಂದೆಯಲ್ಲ, ನಿನ್ನ ಕಣ್ಣೆದುರು ಒಬ್ಬನಾದರೂ ಇದ್ದಾನೆಯೇ?"