ಹೆಸರಿಲ್ಲದ ಎಲೆಗಳು

ಕೆರೆಯ ವಿದ್ಯಾಪೀಠದಲ್ಲಿ ಈಜು ಕಲಿಸುತ್ತಿದ್ದ ಮುದಿ ಆಮೆ, ಪರೀಕ್ಷೆಗೆ ಮುನ್ನ ಶಿಷ್ಯರಿಗೆಲ್ಲ ಒಂದೊಂದು ಎಲೆ ಹಂಚಿತು. “ನನ್ನ ಪಾಠ ಹೇಗಿತ್ತೆಂದು ನಿರ್ಭಯವಾಗಿ ತಿಳಿಸಿ, ತಿದ್ದಿಕೊಳ್ಳುತ್ತೇನೆ. ಹೆಸರು ಬೇಡ. ಮೆಚ್ಚಿಕೆಯಾಗಿದ್ದರೆ ಎಲೆಯ ಮೇಲ್ಭಾಗಕ್ಕೆ, ಇಲ್ಲದಿದ್ದರೆ ಅಡಿಭಾಗಕ್ಕೆ ಕೆಸರುಗಾಲು ಒತ್ತಿದರೆ ಸಾಕು.”

ಎಲ್ಲ ಎಲೆಗಳಲ್ಲೂ ಹೆಜ್ಜೆ ಮೇಲ್ಭಾಗದಲ್ಲೇ ಮೂಡಿತ್ತು. ಪರೀಕ್ಷೆಯ ದಿನ ಮಾತ್ರ ಇಲಿ, ಕೋಳಿ, ಅಳಿಲು ಸಾಲಾಗಿ ಮುಳುಗಿದವು. ಆಮೆ ಒಂದೊಂದನ್ನೇ ಬೆನ್ನ ಮೇಲೆ ಹೊತ್ತು ದಡ ಸೇರಿಸಿತು.

“ಪಾಠ ಎಲ್ಲರಿಗೂ ಮೆಚ್ಚಿಕೆ, ಈಜು ಯಾರಿಗೂ ಬಾರದು. ನನಗೆ ತಲೆಬುಡ ಅರ್ಥವಾಗುತ್ತಿಲ್ಲ,” ಎಂದಿತು.

ಇಲಿ ನೀರು ಕಕ್ಕುತ್ತ ಕೇಳಿತು, “ಗುರುಗಳೇ, ಯಾವ ಹೆಜ್ಜೆ ಯಾರದೆಂದು ತಮಗೆ ಗೊತ್ತಾಗುತ್ತಿತ್ತೇ?”

“ಗೊತ್ತಾಗದೆ ಇರುತ್ತದೆಯೇ? ಇಲಿಯ ಹೆಜ್ಜೆಯೇ ಬೇರೆ, ಕೋಳಿಯದೇ ಬೇರೆ. ಇಂದು ಅಂಕ ಹಾಕಬೇಕಲ್ಲ ಎಂದು ಬೆಳಿಗ್ಗೆಯೇ ನಿನ್ನ ಎಲೆಯನ್ನೂ ಹುಡುಕಿ ನೋಡಿದೆ,” ಎಂದ ಆಮೆ, ತಪ್ಪೆಲ್ಲಿದೆಯೆಂದು ತಿಳಿಯದೆ ಮತ್ತೆ ಎಲೆಗಳನ್ನು ತಿರುವತೊಡಗಿತು.